ಜನನಾಂಗದ ನರಹುಲಿಯ ಚಿಕಿತ್ಸೆ

ಜನನಾಂಗದ ನರಹುಲಿ ಎಂಬುದು ಹ್ಯೂಮನ್ ಪ್ಯಾಪಿಲೋಮಾ ವೈರಸ್ ಅಥವಾ ಎಚ್‌ಪಿವಿ ಎಂಬ ವೈರಾಣುವಿನ ಸೋಂಕಿನಿಂದ ಜನನಾಂಗ, ಗುದದ್ವಾರ ಹಾಗೂ ಅವುಗಳ ಸುತ್ತಲಿನ ಚರ್ಮದ ಮೇಲೆ ಏಳುವ ಮೆತ್ತನೆಯ ಗಂಟು. ಕೈಕಾಲುಗಳ ಮೇಲಿನ ಸಾಮಾನ್ಯ ನರಹುಲಿಯನ್ನು ಹಳೆಯ ಮೈಸೂರಿನ ಕಡೆ ನರುಲಿ ಎಂದೂ ಕರೆಯುತ್ತಾರೆ. ಜನನಾಂಗದ ನರಹುಲಿ ಅದೇ ಕುಲದ ವೈರಾಣುವಿನ ಬೇರೆ ಪ್ರಭೇದಗಳಿಂದ ಬರುತ್ತದೆ ಮತ್ತು ಮುಖ್ಯವಾಗಿ ಲೈಂಗಿಕ ಸಂಪರ್ಕದಿಂದ ಹರಡುತ್ತದೆ. ಇದಕ್ಕೆ ಹಚ್ಚುವ ಔಷಧ, ಶೀತ ಚಿಕಿತ್ಸೆ, ಆಮ್ಲದ ಲೇಪನ, ವಿದ್ಯುತ್ತಿನಿಂದ ಸುಡುವಿಕೆ, ಲೇಸರ್, ಶಸ್ತ್ರಕ್ರಿಯೆ ಮೊದಲಾದ ಹಲವು ಚಿಕಿತ್ಸೆಗಳಿವೆ. ಎಲ್ಲ ರೋಗಿಗಳಿಗೂ ಒಪ್ಪುವ ಅತ್ಯುತ್ತಮ ವಿಧಾನವೆಂದು ಇವುಗಳಲ್ಲಿ ಯಾವುದನ್ನೂ ಗುರುತಿಸಲಾಗಿಲ್ಲ. ಎಲ್ಲವೂ ಗಂಟನ್ನು ನಿವಾರಿಸುತ್ತವೆಯೇ ಹೊರತು ವೈರಾಣುವನ್ನು ದೇಹದಿಂದ ಹೊರಹಾಕುವುದಿಲ್ಲ. ಆ ಕೆಲಸ ದೇಹದ ರೋಗನಿರೋಧಕ ಶಕ್ತಿಯದು.

ಕಾರಣ

ಸುಮಾರು ಶೇಕಡ 90ರಷ್ಟು ಪ್ರಕರಣಗಳಿಗೆ ಎಚ್‌ಪಿವಿಯ 6 ಮತ್ತು 11ನೆಯ ಪ್ರಭೇದಗಳು ಕಾರಣ. ಜರ್ಮನಿಯ ವಿಜ್ಞಾನಿ ಹರಾಲ್ಡ್ ಟ್ಸುರ್ ಹೌಸನ್ ಮತ್ತು ಅವರ ಸಹೋದ್ಯೋಗಿಗಳು 1980ರ ಸುಮಾರಿಗೆ ಈ ಪ್ರಭೇದಗಳನ್ನು ಗುರುತಿಸಿದರು. ಗರ್ಭಕಂಠದ ಕ್ಯಾನ್ಸರಿಗೂ ಇದೇ ಕುಲದ ವೈರಾಣು ಕಾರಣವೆಂದು ತೋರಿಸಿದ್ದಕ್ಕಾಗಿ ಟ್ಸುರ್ ಹೌಸನ್ ಅವರಿಗೆ 2008ರಲ್ಲಿ ನೊಬೆಲ್ ಪ್ರಶಸ್ತಿ ಲಭಿಸಿತು. ಕ್ಯಾನ್ಸರಿಗೆ ಕಾರಣವಾಗುವವು ಮುಖ್ಯವಾಗಿ 16 ಮತ್ತು 18ನೆಯ ಪ್ರಭೇದಗಳು. 6 ಮತ್ತು 11ನ್ನು ಕಡಿಮೆ ಅಪಾಯದವೆಂದು ವರ್ಗೀಕರಿಸಲಾಗಿದೆ. ಆದುದರಿಂದ ಸಾಮಾನ್ಯ ಜನನಾಂಗದ ನರಹುಲಿ ಕ್ಯಾನ್ಸರ್ ಆಗಿ ಮಾರ್ಪಡುವುದು ಬಹು ಅಪರೂಪ. ಆದರೆ ಒಬ್ಬರಲ್ಲೇ ಎರಡೂ ಬಗೆಯ ಪ್ರಭೇದಗಳು ಒಟ್ಟಿಗೆ ಇರಬಹುದಾದ ಕಾರಣ, ಮಹಿಳೆಯರು ಗರ್ಭಕಂಠದ ನಿಯತ ತಪಾಸಣೆಯನ್ನು ತಪ್ಪಿಸಬಾರದು.

ಸೋಂಕು ತಗಲಿದ ಎರಡು ಮೂರು ತಿಂಗಳಲ್ಲಿ ಸಾಮಾನ್ಯವಾಗಿ ಗಂಟುಗಳು ಕಾಣಿಸಿಕೊಳ್ಳುತ್ತವೆ. ಕೆಲವರಲ್ಲಿ ಇದಕ್ಕೆ ಹಲವು ತಿಂಗಳು, ವರ್ಷಗಳೇ ಹಿಡಿಯಬಹುದು. ಬಹುಪಾಲು ಸೋಂಕಿತರಲ್ಲಿ ಗಂಟು ಮೂಡುವುದೇ ಇಲ್ಲ. ಶೌಚಾಲಯದ ಆಸನ, ಈಜುಕೊಳ, ಜೊತೆಯಲ್ಲಿ ಕುಳಿತು ಉಣ್ಣುವುದು ಇವುಗಳಿಂದ ಈ ರೋಗ ಹರಡುತ್ತದೆಂಬ ನಂಬಿಕೆಗೆ ಆಧಾರವಿಲ್ಲ.

ಚಿಕಿತ್ಸೆಗೆ ಮುನ್ನ ರೋಗನಿರ್ಣಯ

ಜನನಾಂಗದ ಮೇಲಿನ ಪ್ರತಿಯೊಂದು ಗಂಟೂ ನರಹುಲಿಯಲ್ಲ. ಶಿಶ್ನದ ತುದಿಯ ಅಂಚಿನಲ್ಲಿ ಸಾಲುಮಣಿಗಳಂತೆ ಕಾಣುವ ಸಣ್ಣ ಗುಳ್ಳೆಗಳೂ ಯೋನಿಯ ಬಾಗಿಲಲ್ಲಿ ಎರಡೂ ಬದಿಗೆ ಸಮನಾಗಿ ಕಾಣುವ ಮೃದುವಾದ ಎಸಳುಗಳೂ ಸಹಜ ರಚನೆಗಳು. ಅವುಗಳಿಗೆ ಚಿಕಿತ್ಸೆಯೇ ಬೇಡ. ನಡುವೆ ಕುಳಿಯಿರುವ, ಮುತ್ತಿನಂತೆ ಹೊಳೆಯುವ ಗುಳ್ಳೆ ಮೊಲಸ್ಕಮ್ ಎಂಬ ಬೇರೊಂದು ವೈರಾಣುವಿನ ರೋಗದ್ದಾಗಿರಬಹುದು. ಗುದದ್ವಾರದ ನರಹುಲಿಯನ್ನು ಮೂಲವ್ಯಾಧಿಯೆಂದು ತಿಳಿದು ತಿಂಗಳುಗಟ್ಟಲೆ ಅದಕ್ಕೇ ಔಷಧ ಮಾಡಿಕೊಳ್ಳುವವರೂ ಇದ್ದಾರೆ.

ಎಲ್ಲಕ್ಕಿಂತ ಮುಖ್ಯವಾಗಿ ಬೇರ್ಪಡಿಸಿ ನೋಡಬೇಕಾದುದು ಸಿಫಿಲಿಸ್ ರೋಗದ ಎರಡನೆಯ ಹಂತದಲ್ಲಿ ಏಳುವ ಚಪ್ಪಟೆಯಾದ, ತೇವವಾದ ಗಂಟುಗಳನ್ನು. ನೋಟಕ್ಕೆ ಅವು ನರಹುಲಿಯನ್ನೇ ಹೋಲುತ್ತವೆ, ಆದರೆ ಪೆನಿಸಿಲಿನ್ ಚುಚ್ಚುಮದ್ದಿನಿಂದ ಗುಣವಾಗುತ್ತವೆ. ಅವುಗಳನ್ನು ನರಹುಲಿಯೆಂದು ಬಗೆದು ಸುಟ್ಟು ತೆಗೆದರೆ ಮೇಲಿನ ಗಂಟು ಹೋಗಿ ಒಳಗಿನ ಸಿಫಿಲಿಸ್ ಉಳಿದುಬಿಡುತ್ತದೆ. ಆದ್ದರಿಂದ ಚಿಕಿತ್ಸೆಗೆ ಮೊದಲು ವಿಡಿಆರ್‌ಎಲ್ ಅಥವಾ ಆರ್‌ಪಿಆರ್ ಎಂಬ ರಕ್ತಪರೀಕ್ಷೆಯನ್ನೂ ಎಚ್‌ಐವಿ ಪರೀಕ್ಷೆಯನ್ನೂ ಮಾಡಿಸುವುದು ರೂಢಿ. ಕಪ್ಪಾದ, ಗಟ್ಟಿಯಾದ, ಹುಣ್ಣಾದ, ರಕ್ತ ಒಸರುವ ಅಥವಾ ಚಿಕಿತ್ಸೆಗೆ ಬಗ್ಗದ ಗಂಟಿನಿಂದ ಸಣ್ಣ ಚೂರು ತೆಗೆದು ಸೂಕ್ಷ್ಮದರ್ಶಕದಡಿ ಪರೀಕ್ಷಿಸಬೇಕಾಗುತ್ತದೆ.

ಚಿಕಿತ್ಸೆಯ ಗುರಿ

ಚಿಕಿತ್ಸೆ ಮಾಡದೆ ಬಿಟ್ಟರೆ ನರಹುಲಿ ತಾನಾಗಿಯೇ ಉದುರಿಹೋಗಬಹುದು, ಇದ್ದಂತೆಯೇ ಇರಬಹುದು, ಇಲ್ಲವೇ ಹೂಕೋಸಿನಂತೆ ಬೆಳೆಯಲೂಬಹುದು. ಆದುದರಿಂದ ಒಂದೆರಡು ಸಣ್ಣ ಗಂಟುಗಳಿದ್ದವರು ವೈದ್ಯರಿಗೆ ತೋರಿಸಿ ರೋಗ ಯಾವುದೆಂದು ಖಚಿತಪಡಿಸಿಕೊಂಡ ನಂತರ ಕೆಲಕಾಲ ಕಾದು ನೋಡುವುದೂ ಒಪ್ಪಿತವಾದ ಒಂದು ಆಯ್ಕೆ. ಔಷಧ ಮಾಡಿಸಿಕೊಳ್ಳುವವರ ಉದ್ದೇಶ ಸಾಮಾನ್ಯವಾಗಿ ತುರಿಕೆ, ಉರಿ, ರಕ್ತಸ್ರಾವಗಳಿಂದ ಬಿಡುಗಡೆ ಮತ್ತು ಮನಸ್ಸಿನ ನೆಮ್ಮದಿ. ಈ ಕೊನೆಯದನ್ನು ಹಗುರವಾಗಿ ಕಾಣುವಂತಿಲ್ಲ. ಜೀವಕ್ಕೆ ಅಪಾಯ ತರದ ಈ ರೋಗ ನಾಚಿಕೆಯನ್ನೂ ದಾಂಪತ್ಯದಲ್ಲಿ ಸಂಶಯವನ್ನೂ ತರುವುದೇ ಹೆಚ್ಚು.

ರೋಗಿ ಸ್ವತಃ ಹಚ್ಚಿಕೊಳ್ಳುವ ಔಷಧಗಳು

ಇಮಿಕ್ವಿಮಾಡ್ ಶೇಕಡ 5ರ ಮುಲಾಮು ಗಂಟನ್ನು ನೇರವಾಗಿ ಸುಡುವುದಿಲ್ಲ. ಅದು ಚರ್ಮದ ರೋಗನಿರೋಧಕ ಕಣಗಳನ್ನು ಕೆರಳಿಸಿ, ಅವು ಸೋಂಕಿತ ಕೋಶಗಳ ಮೇಲೆ ಎರಗುವಂತೆ ಮಾಡುತ್ತದೆ. ವಾರಕ್ಕೆ ಮೂರು ರಾತ್ರಿ, ಒಂದು ದಿನ ಬಿಟ್ಟು ಒಂದು ದಿನದಂತೆ ಮಲಗುವ ಮುನ್ನ ಹಚ್ಚಿ, 6ರಿಂದ 10 ಗಂಟೆಗಳ ನಂತರ ಸಾಬೂನು ನೀರಿನಿಂದ ತೊಳೆಯಬೇಕು. ಹೀಗೆ ಗರಿಷ್ಠ 16 ವಾರ ಮುಂದುವರಿಸಬಹುದು. ಪರಿಣಾಮ ನಿಧಾನ, ಎಷ್ಟೋ ಮಂದಿ ಎರಡು ಮೂರು ವಾರಗಳಲ್ಲಿ ಏನೂ ಕಾಣದೆ ಬಿಟ್ಟುಬಿಡುತ್ತಾರೆ. ಅಧ್ಯಯನಗಳಲ್ಲಿ ಸುಮಾರು ಮೂರನೆಯ ಒಂದು ಭಾಗದಿಂದ ಮೂರನೆಯ ಎರಡು ಭಾಗದಷ್ಟು ರೋಗಿಗಳಲ್ಲಿ ಗಂಟುಗಳು ಪೂರ್ಣವಾಗಿ ಮಾಯವಾಗಿವೆ. ಮಹಿಳೆಯರಲ್ಲಿ ಫಲ ಹೆಚ್ಚು. ಬೇರೆ ಕೆಲವು ವಿಧಾನಗಳಿಗೆ ಹೋಲಿಸಿದರೆ ಗಂಟು ಮರಳಿ ಬರುವ ಪ್ರಮಾಣ ಕಡಿಮೆ ಎಂಬುದು ಇದರ ಹೆಚ್ಚುಗಾರಿಕೆ. ಹಚ್ಚಿದ ಜಾಗ ಕೆಂಪಾಗುವುದು, ಉರಿಯುವುದು ನಿರೀಕ್ಷಿತ. ಚರ್ಮ ಸುಲಿದು ಹುಣ್ಣಾದರೆ ಕೆಲವು ದಿನ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು. ಕೆಲವರಲ್ಲಿ ಆ ಜಾಗದ ಬಣ್ಣ ಬಿಳುಪಾಗಿ ಹಾಗೆಯೇ ಉಳಿದುಬಿಡುವುದುಂಟು. ಈ ಮುಲಾಮು ಕಾಂಡೋಮನ್ನು ದುರ್ಬಲಗೊಳಿಸುತ್ತದೆ ಎಂಬುದನ್ನೂ ಗಮನಿಸಬೇಕು.

ಪೊಡೊಫಿಲೊಟಾಕ್ಸಿನ್ ಶೇಕಡ 0.5ರ ದ್ರಾವಣವನ್ನು ದಿನಕ್ಕೆ ಎರಡು ಬಾರಿಯಂತೆ ಮೂರು ದಿನ ಹಚ್ಚಿ ನಾಲ್ಕು ದಿನ ಬಿಡಬೇಕು. ಈ ಒಂದು ವಾರದ ಸುತ್ತನ್ನು ನಾಲ್ಕು ಬಾರಿಯವರೆಗೆ ಆವರ್ತಿಸಬಹುದು. ಇದು ಗಂಟಿನ ಕೋಶಗಳ ವಿಭಜನೆಯನ್ನು ತಡೆದು ಅವನ್ನು ಒಣಗಿಸುತ್ತದೆ. ರೋಗಿಗೆ ಗಂಟು ಕಣ್ಣಿಗೆ ಕಾಣುವಂತಿರಬೇಕು, ಕೈಗೆ ಎಟುಕುವಂತಿರಬೇಕು. ಪುರುಷರಲ್ಲಿ ಇದು ಸುಲಭ, ಗುದದ ಬಳಿಯ ಗಂಟುಗಳಿಗೆ ಕಷ್ಟ.

ಈ ಔಷಧದ ಮೂಲ ಹಿಮಾಲಯದ ಇಳಿಜಾರುಗಳಲ್ಲಿ ಬೆಳೆಯುವ, ಹಿಂದಿಯಲ್ಲಿ ಬನ್ ಕಕಡಿ ಎಂದು ಕರೆಯುವ ಗಿಡದ ಬೇರು ಮತ್ತು ಅದರ ಅಮೆರಿಕದ ಸೋದರ ಸಸ್ಯ. ಬೇರಿನ ರಾಳವಾದ ಪೊಡೊಫಿಲಿನ್ ಜನನಾಂಗದ ನರಹುಲಿಗೆ ಫಲಕಾರಿ ಎಂದು ಅಮೆರಿಕದ ವೈದ್ಯ ಐ. ಡಬ್ಲ್ಯು. ಕ್ಯಾಪ್ಲನ್ 1942ರಲ್ಲಿ ವರದಿ ಮಾಡಿದರು. ಅತಿಯಾದ ಸಂಗ್ರಹಣೆಯಿಂದ ಹಿಮಾಲಯದ ಗಿಡ ಅಪಾಯಕ್ಕೊಳಗಾಗಿ, ಇಂದು ಅದರ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದಲ್ಲಿದೆ. ಕಚ್ಚಾ ಪೊಡೊಫಿಲಿನ್ ರಾಳ ಮತ್ತು ಶುದ್ಧೀಕರಿಸಿದ ಪೊಡೊಫಿಲೊಟಾಕ್ಸಿನ್ ಒಂದೇ ಅಲ್ಲ. ಶೇಕಡ 10ರಿಂದ 25ರಷ್ಟು ಬಲದ ರಾಳವನ್ನು ವೈದ್ಯರೇ ಹಚ್ಚಿ, 1ರಿಂದ 4 ಗಂಟೆಗಳೊಳಗೆ ತೊಳೆಸಬೇಕು. ಹೆಚ್ಚು ಜಾಗಕ್ಕೆ ಹಚ್ಚಿದರೆ ಅದು ರಕ್ತಕ್ಕೆ ಸೇರಿ ನರಮಂಡಲಕ್ಕೂ ಅಸ್ಥಿಮಜ್ಜೆಗೂ ವಿಷವಾಗಬಲ್ಲದು. ಈ ಕಾರಣದಿಂದ, ಬೇರೆ ಔಷಧ ದೊರೆಯುವ ಕಡೆ ರಾಳದ ಬಳಕೆಯನ್ನು ಮಾರ್ಗಸೂಚಿಗಳು ಈಗ ಪ್ರೋತ್ಸಾಹಿಸುವುದಿಲ್ಲ.

ಹಸಿರು ಚಹಾದ ಎಲೆಯಿಂದ ತೆಗೆದ ಸಿನೆಕ್ಯಾಟೆಚಿನ್ ಎಂಬ ಮುಲಾಮಿಗೆ ಅಮೆರಿಕದಲ್ಲಿ 2006ರಲ್ಲಿ ಮಾನ್ಯತೆ ದೊರೆಯಿತು. ದಿನಕ್ಕೆ ಮೂರು ಬಾರಿ ಹಚ್ಚಬೇಕು, ತೊಳೆಯುವಂತಿಲ್ಲ. ಮನೆಯಲ್ಲಿ ಹಸಿರು ಚಹಾ ಕುಡಿಯುವುದಕ್ಕೂ ಇದಕ್ಕೂ ಸಂಬಂಧವಿಲ್ಲ.

ವೈದ್ಯರು ಮಾಡುವ ಚಿಕಿತ್ಸೆಗಳು

ಶೀತ ಚಿಕಿತ್ಸೆಯಲ್ಲಿ −196 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ದ್ರವ ಸಾರಜನಕವನ್ನು ಗಂಟಿನ ಮೇಲೆ ಸಿಂಪಡಿಸಿ ಹೆಪ್ಪುಗಟ್ಟಿಸಲಾಗುತ್ತದೆ. ಕೆಲವು ದಿನಗಳಲ್ಲಿ ಗುಳ್ಳೆಯೆದ್ದು ಗಂಟು ಉದುರುತ್ತದೆ. ಸಾಮಾನ್ಯವಾಗಿ ಅರಿವಳಿಕೆ ಬೇಡ, ಕಲೆ ಉಳಿಯುವುದು ಕಡಿಮೆ. ಗಂಟುಗಳು ಹೋಗುವವರೆಗೆ ವಾರಕ್ಕೊಮ್ಮೆಯೋ ಎರಡು ವಾರಕ್ಕೊಮ್ಮೆಯೋ ಬರಬೇಕಾಗುತ್ತದೆ. ದ್ರವ ಸಾರಜನಕ ಶೇಖರಿಸಿಟ್ಟಲ್ಲೇ ಆವಿಯಾಗುತ್ತಿರುವುದರಿಂದ ರೋಗಿಗಳ ಸಂಖ್ಯೆ ಕಡಿಮೆಯಿರುವ ಸಣ್ಣ ಕ್ಲಿನಿಕ್‌ಗಳಿಗೆ ಅದನ್ನು ಇಟ್ಟುಕೊಳ್ಳುವುದು ದುಬಾರಿ.

ಟ್ರೈಕ್ಲೋರೋಅಸಿಟಿಕ್ ಆಮ್ಲ ಅಥವಾ ಟಿಸಿಎ ಎಂಬುದನ್ನು ಶೇಕಡ 80ರಿಂದ 90ರ ಬಲದಲ್ಲಿ, ಗಂಟಿನ ಮೇಲೆ ಮಾತ್ರ, ಸಣ್ಣ ಕಡ್ಡಿಯಿಂದ ಮುಟ್ಟಿಸಲಾಗುತ್ತದೆ. ಕ್ಷಣದಲ್ಲೇ ಗಂಟು ಬೆಳ್ಳಗಾಗುತ್ತದೆ. ಈ ದ್ರವ ನೀರಿನಂತೆ ತೆಳುವಾಗಿದ್ದು ಪಕ್ಕದ ಚರ್ಮಕ್ಕೆ ಹರಿದರೆ ಅಲ್ಲಿಯೂ ಸುಡುತ್ತದೆ. ಹೆಚ್ಚಾದುದನ್ನು ಅಡುಗೆ ಸೋಡಾ ಅಥವಾ ಸಾಬೂನು ನೀರಿನಿಂದ ಶಮನಗೊಳಿಸುತ್ತಾರೆ. ಅಗ್ಗವಾದ, ಉಪಕರಣ ಬೇಡದ ವಿಧಾನವಿದು. ಸಣ್ಣ, ತೇವವಾದ ಗಂಟುಗಳಿಗೆ ಚೆನ್ನಾಗಿ ಹೊಂದುತ್ತದೆ. ಆದರೆ ಮನೆಗೆ ತಂದು ತಾವೇ ಹಚ್ಚಿಕೊಳ್ಳುವ ಔಷಧವಲ್ಲ.

ಎಲೆಕ್ಟ್ರೊಕಾಟರಿ, ಇಂಗಾಲಾಮ್ಲದ ಲೇಸರ್ ಮತ್ತು ಕತ್ತರಿಯಿಂದ ಕತ್ತರಿಸಿ ತೆಗೆಯುವುದು ಇವು ಮೂರೂ ಒಂದೇ ಸಲಕ್ಕೆ ಗಂಟನ್ನು ನಿವಾರಿಸುವ ವಿಧಾನಗಳು. ತಕ್ಷಣದ ಯಶಸ್ಸು ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು. ಗಂಟುಗಳು ಬಹಳವಾಗಿದ್ದಾಗ, ದೊಡ್ಡದಾಗಿದ್ದಾಗ, ಮುಲಾಮುಗಳು ಸೋತಾಗ ಇವೇ ದಾರಿ. ಸ್ಥಳೀಯ ಅರಿವಳಿಕೆ ಅಗತ್ಯ. ಬಹಳ ದೊಡ್ಡದಾದರೆ ಪೂರ್ಣ ಅರಿವಳಿಕೆಯೂ ಬೇಕಾದೀತು. ಆಳವಾಗಿ ಸುಟ್ಟರೆ ಕಲೆ ಉಳಿಯುತ್ತದೆ. ಲೇಸರ್ ಎಂಬ ಹೆಸರಿನ ಆಕರ್ಷಣೆ ಹೆಚ್ಚಾದರೂ, ಸಾಧಾರಣ ಗಂಟುಗಳ ಮಟ್ಟಿಗೆ ಅದು ಕಾಟರಿಗಿಂತ ಮೇಲೆಂದು ಹೇಳಲು ಕಾರಣವಿಲ್ಲ. ವೆಚ್ಚ ಮಾತ್ರ ಹೆಚ್ಚು. ಇಷ್ಟು ಪರಿಣಾಮಕಾರಿಯಾದ ವಿಧಾನಗಳ ನಂತರವೂ ಸುಮಾರು ಐದರಲ್ಲಿ ಒಬ್ಬರಿಗೆ, ಕೆಲವೊಮ್ಮೆ ನಾಲ್ಕರಲ್ಲಿ ಒಬ್ಬರಿಗೆ ಗಂಟು ಮರಳುತ್ತದೆ. ಸುಡುವಾಗ ಏಳುವ ಹೊಗೆಯಲ್ಲಿ ವೈರಾಣುವಿನ ಅಂಶ ಇರಬಲ್ಲದಾದ್ದರಿಂದ ವೈದ್ಯರು ಮುಖಗವಸು ಧರಿಸಿ, ಹೊಗೆ ಹೀರುವ ಯಂತ್ರವನ್ನು ಬಳಸಬೇಕೆಂಬ ನಿಯಮವಿದೆ.

ಭಾರತದ ಚರ್ಮರೋಗ ವಿಭಾಗಗಳಲ್ಲಿ ಪ್ರಚಲಿತವಿರುವ ಇನ್ನೊಂದು ಕ್ರಮವೆಂದರೆ ಗಂಟಿನೊಳಗೆ ಲಸಿಕೆಯನ್ನು ಚುಚ್ಚುವುದು. ದಡಾರ, ಕೆಪ್ಪಟೆ, ರುಬೆಲ್ಲಾಗಳ ಎಂಎಂಆರ್ ಲಸಿಕೆ ಇದಕ್ಕೆ ಬಳಕೆಯಾಗುತ್ತದೆ. ಕುಷ್ಠರೋಗಕ್ಕಾಗಿ ಜಿ. ಪಿ. ತಲ್ವಾರ್ ಅವರ ನೇತೃತ್ವದಲ್ಲಿ ಭಾರತದಲ್ಲೇ ರೂಪುಗೊಂಡ ಎಂಡಬ್ಲ್ಯು ಲಸಿಕೆಯೂ ಬಳಕೆಯಾಗುತ್ತದೆ. ಒಂದು ಗಂಟಿಗೆ ಚುಚ್ಚಿದರೆ ದೂರದ ಗಂಟುಗಳೂ ಕರಗುವುದುಂಟು. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ವೈದ್ಯರು ಎಂಡಬ್ಲ್ಯು ಲಸಿಕೆಯನ್ನು ಇಮಿಕ್ವಿಮಾಡ್ ಜೊತೆ ಹೋಲಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎರಡರ ಫಲವೂ ಹೆಚ್ಚುಕಡಿಮೆ ಸಮನಾಗಿತ್ತು. ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಇದನ್ನು ಇನ್ನೂ ಮೊದಲ ಆಯ್ಕೆಯಾಗಿ ಸೇರಿಸಿಲ್ಲ.

ಆಯ್ಕೆಯನ್ನು ನಿರ್ಧರಿಸುವ ಅಂಶಗಳು

ಗರ್ಭಿಣಿಯರಿಗೆ ಪೊಡೊಫಿಲಿನ್, ಪೊಡೊಫಿಲೊಟಾಕ್ಸಿನ್, ಸಿನೆಕ್ಯಾಟೆಚಿನ್ ಮತ್ತು 5-ಫ್ಲೋರೋಯುರಾಸಿಲ್ ಔಷಧಗಳನ್ನು ಬಳಸಬಾರದು. ಇಮಿಕ್ವಿಮಾಡನ್ನೂ ಸಾಮಾನ್ಯವಾಗಿ ತಪ್ಪಿಸುತ್ತಾರೆ. ಅವರಿಗೆ ಶೀತ ಚಿಕಿತ್ಸೆ, ಟಿಸಿಎ, ಅಗತ್ಯವಾದರೆ ಶಸ್ತ್ರಕ್ರಿಯೆ ಸೂಕ್ತ. ಬಸಿರಿನಲ್ಲಿ ಗಂಟುಗಳು ವೇಗವಾಗಿ ಬೆಳೆದು ಹೆರಿಗೆಯ ನಂತರ ಕುಗ್ಗುವುದು ಸಾಮಾನ್ಯ. ಮಗುವಿನ ಗಂಟಲಿಗೆ ಸೋಂಕು ತಗಲುವುದು ಬಹು ವಿರಳವಾದ್ದರಿಂದ ನರಹುಲಿಯಿದೆ ಎಂಬ ಒಂದೇ ಕಾರಣಕ್ಕೆ ಸಿಸೇರಿಯನ್ ಮಾಡುವುದಿಲ್ಲ. ಗಂಟು ಹೆರಿಗೆಯ ದಾರಿಯನ್ನೇ ತಡೆಯುವಂತಿದ್ದರೆ ಅಥವಾ ತೀವ್ರ ರಕ್ತಸ್ರಾವದ ಭಯವಿದ್ದರೆ ಮಾತ್ರ ಆ ಯೋಚನೆ.

ಎಚ್‌ಐವಿ ಸೋಂಕಿತರು, ಅಂಗ ಕಸಿ ಮಾಡಿಸಿಕೊಂಡವರು ಮುಂತಾಗಿ ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ಗಂಟುಗಳು ಹೆಚ್ಚು, ಫಲ ನಿಧಾನ, ಮರುಕಳಿಕೆ ಅಧಿಕ. ಮೂತ್ರನಾಳ, ಗುದನಾಳ, ಗರ್ಭಕಂಠಗಳ ಒಳಗಿನ ಗಂಟುಗಳು ತಜ್ಞರ ಕೈಯಲ್ಲೇ ಆಗಬೇಕಾದ ಕೆಲಸ. ಮಕ್ಕಳಲ್ಲಿ ಈ ಗಂಟು ಕಂಡರೆ ಹೆರಿಗೆಯ ವೇಳೆ ತಾಯಿಯಿಂದ ಬಂದಿರುವ ಸಾಧ್ಯತೆಯೂ ಇದೆ, ಲೈಂಗಿಕ ದೌರ್ಜನ್ಯದ ಸಾಧ್ಯತೆಯೂ ಇದೆ. 2012ರ ಪೋಕ್ಸೊ ಕಾಯ್ದೆಯಂತೆ ದೌರ್ಜನ್ಯದ ಸಂಶಯ ಬಂದ ಯಾರೇ ಆಗಲಿ, ವೈದ್ಯರೂ ಶಿಕ್ಷಕರೂ ಸೇರಿದಂತೆ, ಪೊಲೀಸರಿಗೆ ತಿಳಿಸುವುದು ಕಡ್ಡಾಯ.

ಇಂತಹ ವಿಶೇಷ ಕಾರಣಗಳಿಲ್ಲದ ಸಾಮಾನ್ಯ ರೋಗಿಯ ಮಟ್ಟಿಗೆ, ಎಷ್ಟು ಬಾರಿ ಆಸ್ಪತ್ರೆಗೆ ಬರಲಾದೀತು ಎಂಬುದೇ ಎಷ್ಟೋ ವೇಳೆ ಆಯ್ಕೆಯನ್ನು ನಿರ್ಧರಿಸುತ್ತದೆ. ಪೀಣ್ಯದ ಕಾರ್ಖಾನೆಯಲ್ಲೋ ಮೈಸೂರು ರಸ್ತೆಯ ಸಿದ್ಧ ಉಡುಪಿನ ಘಟಕದಲ್ಲೋ ದುಡಿಯುವವರಿಗೆ ವಾರಕ್ಕೊಮ್ಮೆ ರಜೆ ಹಾಕುವುದೆಂದರೆ ಕೂಲಿಯ ನಷ್ಟ, ಜೊತೆಗೆ ಕಾರಣ ಹೇಳಬೇಕಾದ ಮುಜುಗರ. ಅಂಥವರಿಗೆ ಆರು ಬಾರಿಯ ಶೀತ ಚಿಕಿತ್ಸೆಗಿಂತ ಒಂದೇ ದಿನದ ಕಾಟರಿಯೋ ಮನೆಯಲ್ಲೇ ಹಚ್ಚುವ ಔಷಧವೋ ಮೇಲು. ಆದರೆ ಒಂದೇ ಕೋಣೆಯ ಮನೆಯಲ್ಲಿ ಹಲವರ ನಡುವೆ ವಾಸಿಸುವವರಿಗೆ ನಾಲ್ಕು ತಿಂಗಳ ಕಾಲ ಮುಲಾಮನ್ನು ಯಾರಿಗೂ ಕಾಣದಂತೆ ಹಚ್ಚಿಕೊಳ್ಳುವುದು ಸುಲಭವಲ್ಲ. ಈ ಸಂಗತಿಗಳನ್ನು ವೈದ್ಯರ ಬಳಿ ಸಂಕೋಚವಿಲ್ಲದೆ ಹೇಳುವುದರಿಂದ ಸರಿಯಾದ ಆಯ್ಕೆ ಸಾಧ್ಯ. ಆರಿಸಿಕೊಂಡ ವಿಧಾನವು ಮೂರು ಬಾರಿಯ ಚಿಕಿತ್ಸೆಯ ನಂತರವೂ ಗಣನೀಯ ಸುಧಾರಣೆ ತಾರದಿದ್ದರೆ ಬೇರೊಂದಕ್ಕೆ ಬದಲಾಯಿಸುವುದು ವಾಡಿಕೆ.

ಮರುಕಳಿಕೆ ಮತ್ತು ಸಂಗಾತಿ

ಗಂಟು ಮರಳುವುದು ಹೆಚ್ಚಾಗಿ ಮೊದಲ ಮೂರು ತಿಂಗಳಲ್ಲಿ. ಸುತ್ತಲಿನ, ನೋಟಕ್ಕೆ ಆರೋಗ್ಯವಾಗಿರುವ ಚರ್ಮದಲ್ಲಿ ಉಳಿದ ವೈರಾಣುವೇ ಇದಕ್ಕೆ ಕಾರಣ. ಮರುಕಳಿಕೆಯೆಂದರೆ ವೈದ್ಯರ ತಪ್ಪೆಂದಾಗಲಿ ಹೊಸದಾಗಿ ಸೋಂಕು ತಗಲಿದೆಯೆಂದಾಗಲಿ ಅರ್ಥವಲ್ಲ. ಕಾಲ ಕಳೆದಂತೆ ಬಹುತೇಕರಲ್ಲಿ ದೇಹವೇ ವೈರಾಣುವನ್ನು ಹತ್ತಿಕ್ಕುತ್ತದೆ. ಧೂಮಪಾನ ಇದಕ್ಕೆ ಅಡ್ಡಿ.

ವೈರಾಣು ವರ್ಷಗಟ್ಟಲೆ ಸದ್ದಿಲ್ಲದೆ ಇರಬಲ್ಲುದಾದ ಕಾರಣ, ಗಂಟು ಕಾಣಿಸಿಕೊಂಡ ಕಾಲವನ್ನು ಹಿಡಿದು ಸೋಂಕು ಯಾವಾಗ, ಯಾರಿಂದ ಬಂತೆಂದು ನಿಶ್ಚಯಿಸಲು ಬರುವುದಿಲ್ಲ. ಮದುವೆಯಾಗಿ ಹಲವು ವರ್ಷಗಳ ಮೇಲೆ ಗಂಡ ಅಥವಾ ಹೆಂಡತಿಯಲ್ಲಿ ನರಹುಲಿ ಕಂಡರೆ ಅದು ದಾಂಪತ್ಯದ್ರೋಹಕ್ಕೆ ಸಾಕ್ಷಿಯಾಗದು. ಇಬ್ಬರೂ ಒಟ್ಟಿಗೆ ವೈದ್ಯರನ್ನು ಕಾಣುವುದು ಉತ್ತಮ. ಸಂಗಾತಿಯಲ್ಲಿ ಗಂಟು ಇಲ್ಲದಿದ್ದರೆ ಚಿಕಿತ್ಸೆ ಬೇಡ, ಇತರ ಲೈಂಗಿಕ ಸೋಂಕುಗಳ ಪರೀಕ್ಷೆ ಸಾಕು. ಗಂಟುಗಳಿರುವಷ್ಟು ಕಾಲ ಸಂಪರ್ಕವನ್ನು ತಡೆಯಬೇಕು. ಕಾಂಡೋಮ್ ಅಪಾಯವನ್ನು ತಗ್ಗಿಸುತ್ತದೆ, ಆದರೆ ಅದು ಮುಚ್ಚದ ಭಾಗದ ಚರ್ಮದಿಂದ ಸೋಂಕು ದಾಟಬಹುದು.

ಬೆಂಗಳೂರು ಪಶ್ಚಿಮ ಭಾಗದಲ್ಲಿ ಚಿಕಿತ್ಸೆ

ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಕೆಂಗೇರಿಗಳ ನಿವಾಸಿಗಳು ಹೋಗಬೇಕಾದುದು ಚರ್ಮ ಮತ್ತು ಲೈಂಗಿಕ ರೋಗಗಳ ವಿಭಾಗಕ್ಕೆ. ಭಾರತದಲ್ಲಿ ಚರ್ಮರೋಗ, ಲೈಂಗಿಕ ರೋಗ ಮತ್ತು ಕುಷ್ಠರೋಗ ಮೂರೂ ಒಂದೇ ಸ್ನಾತಕೋತ್ತರ ಶಾಸ್ತ್ರವಾಗಿದ್ದು, ಹೊರರೋಗಿ ವಿಭಾಗದ ಫಲಕದಲ್ಲಿ ಸಾಮಾನ್ಯವಾಗಿ ಚರ್ಮರೋಗ ಎಂದೇ ಬರೆದಿರುತ್ತದೆ. ನಾಚಿಕೆಯುಳ್ಳವರಿಗೆ ಇದೊಂದು ಅನುಕೂಲವೇ. ರಾಜಾಜಿನಗರದ ಇಎಸ್‌ಐ ಆಸ್ಪತ್ರೆ ವೈದ್ಯಕೀಯ ಕಾಲೇಜನ್ನೂ ಹೊಂದಿದೆ. 2017ರಿಂದ ತಿಂಗಳಿಗೆ 21,000 ರೂಪಾಯಿವರೆಗಿನ ವೇತನದ ಮಿತಿಯಲ್ಲಿ ವಿಮೆಗೊಳಪಟ್ಟ ಕಾರ್ಮಿಕರಿಗೂ ಅವರ ಅವಲಂಬಿತರಿಗೂ ಅಲ್ಲಿ ಚಿಕಿತ್ಸೆ ಉಚಿತ. ಕೆಂಗೇರಿಯಿಂದಾಚೆ ಮೈಸೂರು ರಸ್ತೆಯ ಕಂಬೀಪುರದಲ್ಲಿ ರಾಜರಾಜೇಶ್ವರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ನಗರದ ನಡುವಿನ ವಿಕ್ಟೋರಿಯಾ ಮತ್ತು ಬೌರಿಂಗ್ ಆಸ್ಪತ್ರೆಗಳು ಸರ್ಕಾರಿ ವೈದ್ಯಕೀಯ ಕಾಲೇಜುಗಳಿಗೆ ಸೇರಿದವು.

ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ ಕಾರ್ಯಕ್ರಮದಡಿ ಜಿಲ್ಲಾ ಆಸ್ಪತ್ರೆ ಮತ್ತು ವೈದ್ಯಕೀಯ ಕಾಲೇಜುಗಳಲ್ಲಿ ಸುರಕ್ಷಾ ಕ್ಲಿನಿಕ್‌ಗಳು ನಡೆಯುತ್ತಿದ್ದು, ಅಲ್ಲಿ ಪರೀಕ್ಷೆಯೂ ಆಪ್ತಸಮಾಲೋಚನೆಯೂ ಉಚಿತ. ಈ ಕ್ಲಿನಿಕ್‌ಗಳ ಹೆಸರಾಂತ ಬಣ್ಣದ ಏಳು ಔಷಧ ಪೊಟ್ಟಣಗಳು ಸ್ರಾವ, ಹುಣ್ಣು, ಕೆಳಹೊಟ್ಟೆ ನೋವು, ತೊಡೆಸಂದಿನ ಬಾವು ಇವುಗಳಿಗಾಗಿ ರೂಪಿಸಿದವು. ನರಹುಲಿಗೆಂದು ಪೊಟ್ಟಣವಿಲ್ಲ, ಗುಳಿಗೆಯೂ ಇಲ್ಲ. ಹತ್ತಿರದ ಕ್ಲಿನಿಕ್ ಎಲ್ಲಿದೆಯೆಂದು ಉಚಿತ ಸಹಾಯವಾಣಿ 1097ರಲ್ಲಿ ವಿಚಾರಿಸಬಹುದು.

ಮನೆಮದ್ದು ಮತ್ತು ಜಾಹೀರಾತು

ಕೈಕಾಲಿನ ನರುಲಿಗೆ ಸುಣ್ಣ ಮತ್ತು ಸಾಬೂನು ಕಲಸಿ ಹಚ್ಚುವುದು, ಗೇರೆಣ್ಣೆ ಮುಟ್ಟಿಸುವುದು, ಕುದುರೆಯ ಬಾಲದ ಕೂದಲಿನಿಂದ ಬಿಗಿದು ಕಟ್ಟುವುದು ನಮ್ಮ ಹಳ್ಳಿಗಳಲ್ಲಿ ಹಿಂದಿನಿಂದ ಬಂದ ರೂಢಿ. ಇವುಗಳನ್ನು ಜನನಾಂಗದ ಮೆತ್ತನೆಯ ಚರ್ಮದ ಮೇಲೆ ಪ್ರಯೋಗಿಸಿದರೆ ಆಳವಾದ ಸುಟ್ಟಗಾಯ, ಕೀವು, ಕಲೆ ಉಂಟಾಗುತ್ತವೆ. ಅಂಗಡಿಯಲ್ಲಿ ಕಾಲಿನ ಆಣಿಗೆ ಮಾರುವ ಸ್ಯಾಲಿಸಿಲಿಕ್ ಆಮ್ಲದ ದ್ರವವೂ ಇಲ್ಲಿಗೆ ಸಲ್ಲದು. ಬಸ್ ನಿಲ್ದಾಣ, ಸಾರ್ವಜನಿಕ ಶೌಚಾಲಯಗಳ ಗೋಡೆಗಳಲ್ಲಿ ಗುಪ್ತರೋಗಗಳಿಗೆ ಖಚಿತ ಪರಿಹಾರವೆಂದು ಸಾರುವ ಚೀಟಿಗಳು ಇಂದಿಗೂ ಕಾಣುತ್ತವೆ. ಲೈಂಗಿಕ ರೋಗಗಳನ್ನು ಗುಣಪಡಿಸುವುದಾಗಿ ಔಷಧವನ್ನು ಜಾಹೀರುಪಡಿಸುವುದು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯ ಪ್ರಕಾರ ಅಪರಾಧ.

ಲಸಿಕೆ

6, 11, 16 ಮತ್ತು 18ನೆಯ ಪ್ರಭೇದಗಳ ವಿರುದ್ಧದ ಗಾರ್ಡಸಿಲ್ ಲಸಿಕೆಗೆ ಭಾರತದಲ್ಲಿ 2008ರಲ್ಲಿ ಪರವಾನಗಿ ದೊರೆಯಿತು. ಅದೇ ನಾಲ್ಕು ಪ್ರಭೇದಗಳನ್ನು ತಡೆಯುವ, ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ ತಯಾರಿಸಿದ ಸರ್ವಾವ್ಯಾಕ್ 2022ರಲ್ಲಿ ಅನುಮೋದನೆ ಪಡೆಯಿತು. 9ರಿಂದ 26 ವರ್ಷದ ಹುಡುಗಿಯರಿಗೂ ಹುಡುಗರಿಗೂ ಅದನ್ನು ಕೊಡಬಹುದು. ಆಸ್ಟ್ರೇಲಿಯ 2007ರಲ್ಲಿ ಶಾಲಾ ಬಾಲಕಿಯರಿಗೆ ಲಸಿಕೆ ನೀಡಲು ಆರಂಭಿಸಿದ ಮೇಲೆ, ಅಲ್ಲಿನ ಲೈಂಗಿಕ ಆರೋಗ್ಯ ಕೇಂದ್ರಗಳಿಗೆ ಬಂದ 21 ವರ್ಷದೊಳಗಿನ ತರುಣಿಯರಲ್ಲಿ ನರಹುಲಿಯ ಪ್ರಮಾಣ ನಾಲ್ಕು ವರ್ಷಗಳಲ್ಲಿ ಶೇಕಡ 11.5ರಿಂದ 0.85ಕ್ಕೆ ಇಳಿಯಿತು. ಲಸಿಕೆ ಪಡೆಯದ ಅದೇ ವಯಸ್ಸಿನ ಹುಡುಗರಲ್ಲೂ ರೋಗ ತಗ್ಗಿತು. ಲಸಿಕೆಯು ಆಗಲೇ ಬಂದಿರುವ ಗಂಟನ್ನು ಕರಗಿಸುವುದಿಲ್ಲ. ಲೈಂಗಿಕ ಜೀವನ ಆರಂಭವಾಗುವ ಮುನ್ನ ಪಡೆದವರಿಗೆ ಅದರ ಪೂರ್ಣ ಪ್ರಯೋಜನ ದೊರೆಯುತ್ತದೆ.